ಅಪ್‌ಡೇಟ್ ಮಧ್ಯೆ ಆಫ್ ಮಾಡಿದ ಕಂಪ್ಯೂಟರ್ ತೆರೆಯುತ್ತಿಲ್ಲ: ಮೊದಲು ಫೈಲ್, ಆಮೇಲೆ ರಿಪೇರಿ

ಪ್ರಶ್ನೆ: ನಮ್ಮದು ತಾಲೂಕು ಕೇಂದ್ರದಲ್ಲಿ ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ ಸರ್. ವಿಂಡೋಸ್ 10 ಇರುವ ಹಳೇ ಡೆಸ್ಕ್‌ಟಾಪ್, 1 ಟಿಬಿ ಹಾರ್ಡ್ ಡಿಸ್ಕ್. ರಾತ್ರಿ ಶಟ್‌ಡೌನ್ ಕೊಟ್ಟಾಗ ಅಪ್‌ಡೇಟ್ ಶುರುವಾಗಿ 30 ಪರ್ಸೆಂಟ್‌ಗೆ ನಿಂತುಬಿಟ್ಟಿತು. ಬಾಗಿಲು ಹಾಕುವ ಹೊತ್ತಾಗಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಬೆಳಿಗ್ಗೆ ಆನ್ ಮಾಡಿದರೆ ‘ಅನ್‌ಡೂಯಿಂಗ್ ಚೇಂಜಸ್’ ಎಂದು ಬಂದು ಸುತ್ತುತ್ತಾ ಇತ್ತು. ಗಿರಾಕಿಗಳು ಕಾಯುತ್ತಿದ್ದರು, ಮತ್ತೆ ಆಫ್ ಮಾಡಿ ಆನ್ ಮಾಡಿದೆ. ಈಗ ಪ್ರತಿ ಸಲವೂ ‘ಆಟೋಮ್ಯಾಟಿಕ್ ರಿಪೇರ್ ಕುಡಂಟ್ ರಿಪೇರ್ ಯುವರ್ ಪಿಸಿ’ ಎಂದು ನೀಲಿ ಪರದೆ ಬರುತ್ತದೆ. ಕೆಳಗೆ ಯಾವುದೋ ಲಾಗ್ ಫೈಲ್ ಹೆಸರು ಇದೆ. ರಿಪೇರಿಯವರು ಫಾರ್ಮ್ಯಾಟ್ ಮಾಡದೆ ಗತಿ ಇಲ್ಲ ಅಂತಾರೆ. ನುಡಿಯಲ್ಲಿ ಟೈಪ್ ಮಾಡಿದ ಕರಾರು ಪತ್ರ, ಲಗ್ನಪತ್ರಿಕೆ, ಪೇಜ್‌ಮೇಕರ್ ಫೈಲು ಎಲ್ಲಾ ಅದರಲ್ಲೇ ಇವೆ. ಫೈಲ್ ಉಳಿಯುತ್ತಾ? ಫಾರ್ಮ್ಯಾಟ್ ಇಲ್ಲದೆ ಸರಿ ಹೋಗುತ್ತಾ? ಬಟನ್ ಒತ್ತಿದ್ದೇ ತಪ್ಪಾಯಿತಾ?

ಉತ್ತರ: ನಿಮ್ಮ ಫೈಲ್‌ಗಳು ಹೆಚ್ಚೂ ಕಡಿಮೆ ಎಲ್ಲವೂ ಡಿಸ್ಕ್ ಮೇಲೆ ಇದ್ದಲ್ಲೇ ಇವೆ. ಅಪ್‌ಡೇಟ್ ಮುಟ್ಟುವುದು ವಿಂಡೋಸ್‌ನ ಸ್ವಂತ ಫೈಲ್‌ಗಳನ್ನು. ನಿಮ್ಮ ಕರಾರು ಪತ್ರಗಳ ತಂಟೆಗೆ ಅದು ಹೋಗುವುದಿಲ್ಲ. ಆ ನೀಲಿ ಪರದೆ ಹೇಳುತ್ತಿರುವುದು ಇಷ್ಟೇ: ‘ವಿಂಡೋಸ್ ಶುರುವಾಗುತ್ತಿಲ್ಲ, ನನಗೆ ಗೊತ್ತಿರುವ ರಿಪೇರಿಗಳನ್ನು ಮಾಡಿ ನೋಡಿದೆ, ಆಗಲಿಲ್ಲ.’ ಡೇಟಾ ಹೋಯಿತು ಎಂದು ಅದು ಎಲ್ಲೂ ಹೇಳಿಲ್ಲ. ಫಾರ್ಮ್ಯಾಟ್ ಮಾಡಲೇಬೇಕು ಅಂತಲೂ ಹೇಳಿಲ್ಲ. ಇನ್ನು ಮುಂದೆ ಏನು ಮಾಡಿದರೂ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಡಿಸ್ಕ್ ಆರೋಗ್ಯವಾಗಿದೆಯಾ ನೋಡಿ, ಆಮೇಲೆ ಫೈಲ್‌ಗಳನ್ನು ಹೊರಗೆ ತೆಗೆಯಿರಿ, ಅದಾದ ಮೇಲಷ್ಟೇ ವಿಂಡೋಸ್ ರಿಪೇರಿಗೆ ಕೈ ಹಾಕಿ. ತುಂಬಾ ಜನ ಈ ಕ್ರಮವನ್ನು ಉಲ್ಟಾ ಮಾಡುತ್ತಾರೆ. ವಿಂಡೋಸ್ ಸರಿ ಮಾಡುವ ಹಟದಲ್ಲಿ ಇದ್ದ ಫೈಲನ್ನೂ ಕಳೆದುಕೊಳ್ಳುತ್ತಾರೆ. ನಿಮ್ಮ ಅಂಗಡಿಯ ವರ್ಷಗಟ್ಟಲೆ ಕೆಲಸ ಅದರಲ್ಲಿದೆ, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಡಿಸ್ಕ್ ವಿಷಯ ಮೊದಲು. ಸುತ್ತಮುತ್ತ ಸದ್ದಿಲ್ಲದ ಹೊತ್ತಲ್ಲಿ ಕಂಪ್ಯೂಟರ್ ಆನ್ ಮಾಡಿ, ಸಿಪಿಯು ಡಬ್ಬದ ಹತ್ತಿರ ಕಿವಿ ಇಟ್ಟು ಕೇಳಿ. ಹಾರ್ಡ್ ಡಿಸ್ಕ್ ಒಂದೇ ಸಮನೆ ಸುತ್ತುತ್ತಾ ಆಗಾಗ ಮೆಲ್ಲಗೆ ಕರಕರ ಎಂದರೆ ಅದು ಓದುವ ಸದ್ದು, ಭಯವಿಲ್ಲ. ‘ಟಕ್, ಟಕ್, ಟಕ್’ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ, ಅಥವಾ ಸುತ್ತಲು ಶುರುಮಾಡಿ ನಿಂತು ಮತ್ತೆ ಶುರುಮಾಡುತ್ತಿದ್ದರೆ, ತಕ್ಷಣ ಆಫ್ ಮಾಡಿ. ಅದು ಒಳಗೆ ಡೇಟಾ ಓದುವ ಹೆಡ್ ಕೆಟ್ಟಿರುವ ಲಕ್ಷಣ. ಅಂಥ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗಿನ ತಟ್ಟೆಗೆ ಗೀರು ಬೀಳುತ್ತದೆ. ಆಗ ಕೆಳಗೆ ಬರೆದಿರುವ ಯಾವುದನ್ನೂ ಮಾಡಬೇಡಿ, ಡೇಟಾ ರಿಕವರಿ ಮಾಡುವವರ ಹತ್ತಿರವೇ ಕೊಡಿ. ನೀಲಿ ಪರದೆಯವರೆಗೂ ಬಂದು ಮೆನು ತೋರಿಸುತ್ತಿದೆ ಎಂದರೆ ನಿಮ್ಮ ಡಿಸ್ಕ್ ಬಹುಶಃ ಅಷ್ಟು ಕೆಟ್ಟಿಲ್ಲ.

ಈಗ ಫೈಲ್ ತೆಗೆಯುವುದು. ಇದಕ್ಕೆ ಬೇರೆ ಸಾಫ್ಟ್‌ವೇರ್ ಏನೂ ಬೇಡ. ನೀಲಿ ಪರದೆಯಲ್ಲಿ ಎರಡು ಗುಂಡಿ ಇರುತ್ತವೆ, ಅದರಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒತ್ತಿ. ಟ್ರಬಲ್‌ಶೂಟ್, ಮತ್ತೆ ಅಡ್ವಾನ್ಸ್ಡ್ ಆಪ್ಷನ್ಸ್, ಅಲ್ಲಿ ಕಮಾಂಡ್ ಪ್ರಾಂಪ್ಟ್. ಪಾಸ್‌ವರ್ಡ್ ಕೇಳಿದರೆ ನಿಮ್ಮ ವಿಂಡೋಸ್ ಪಾಸ್‌ವರ್ಡ್ ಕೊಡಿ. ಅದಕ್ಕೂ ಮೊದಲೇ ದೊಡ್ಡ ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿರಿ. ಕಪ್ಪು ಕಿಟಕಿ ತೆರೆದಾಗ ಇಂಗ್ಲಿಷ್ ಅಕ್ಷರದಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಹೌದು, ನಾವು ದಿನಾ ನೋಡುವ ಅದೇ ನೋಟ್‌ಪ್ಯಾಡ್ ತೆರೆಯುತ್ತದೆ. ಅದರಲ್ಲಿ ಫೈಲ್ ಮೆನು, ಓಪನ್. ಕೆಳಗೆ ಫೈಲ್ ಬಗೆ ಆರಿಸುವ ಕಡೆ ‘ಆಲ್ ಫೈಲ್ಸ್’ ಮಾಡಿ. ಎಡಗಡೆ ‘ದಿಸ್ ಪಿಸಿ’ ಒತ್ತಿದರೆ ನಿಮ್ಮ ಡ್ರೈವ್‌ಗಳೆಲ್ಲಾ ಕಾಣುತ್ತವೆ.

ಇಲ್ಲಿ ಒಂದು ವಿಷಯ ನೋಡಿಕೊಳ್ಳಿ. ಈ ರಿಪೇರಿ ಪರದೆಯಲ್ಲಿ ಡ್ರೈವ್ ಅಕ್ಷರಗಳು ಅದಲು ಬದಲಾಗಿರಬಹುದು. ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಅಂತಲೋ ಇ ಅಂತಲೋ ಕಾಣಬಹುದು. ಯಾವುದರೊಳಗೆ ‘ವಿಂಡೋಸ್’, ‘ಯೂಸರ್ಸ್’ ಎರಡೂ ಫೋಲ್ಡರ್ ಇವೆಯೋ ಅದೇ ನಿಮ್ಮ ಹಳೇ ಸಿ. ಆ ಅಕ್ಷರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಕಮಾಂಡ್‌ಗೂ ಬೇಕಾಗುತ್ತದೆ. ‘ಎಕ್ಸ್’ ಎಂಬ ಡ್ರೈವ್ ಕಂಡರೆ ಅದು ರಿಪೇರಿ ವ್ಯವಸ್ಥೆ ತನಗಾಗಿ ಮೆಮೊರಿಯಲ್ಲಿ ಮಾಡಿಕೊಂಡ ಜಾಗ. ಅಲ್ಲಿಗೆ ಏನನ್ನೂ ಕಾಪಿ ಮಾಡಬೇಡಿ, ಆಫ್ ಮಾಡಿದ ತಕ್ಷಣ ಎಲ್ಲಾ ಹೋಗುತ್ತದೆ.

ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಕೊಡಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್ ಕೊಡಿ. ಎಷ್ಟು ಕಾಪಿ ಆಯಿತು ಎಂದು ತೋರಿಸುವ ಹಸಿರು ಪಟ್ಟಿ ಇಲ್ಲಿ ಬರುವುದಿಲ್ಲ. ನೋಟ್‌ಪ್ಯಾಡ್ ಸುಮ್ನೆ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಹ್ಯಾಂಗ್ ಆಯಿತು ಎಂದುಕೊಂಡು ಮತ್ತೆ ಪವರ್ ಬಟನ್ ಒತ್ತಬೇಡಿ! ಪೆನ್‌ಡ್ರೈವ್‌ನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ. ದೊಡ್ಡ ಫೋಲ್ಡರನ್ನು ಒಟ್ಟಿಗೆ ಕಾಪಿ ಮಾಡುವ ಬದಲು ಒಂದೊಂದಾಗಿ ಮಾಡಿ. ಯಾವುದಾದರೂ ಒಂದು ಫೈಲ್ ಹತ್ತಿರ ಸಿಕ್ಕಿಕೊಂಡರೆ, ಯಾವುದು ಎಂದು ತಿಳಿಯುತ್ತದೆ. ತೀರಾ ಮುಖ್ಯವಾದದ್ದನ್ನು ಮೊದಲು ತೆಗೆಯಿರಿ. ಸಿನಿಮಾ, ಹಾಡು ಎಲ್ಲಾ ಕೊನೆಗೆ.

ಏನೇನು ತೆಗೆಯಬೇಕು? ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದೆಲ್ಲಾ ಸಿ ಡ್ರೈವ್‌ನಲ್ಲೇ ಇರುತ್ತದೆ ಎನ್ನುವುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಫಾರ್ಮ್ಯಾಟ್ ಮಾಡಿದಾಗ ಮೊದಲು ಹೋಗುವುದು ಅದೇ. ಟ್ಯಾಲಿ ಇಟ್ಟಿದ್ದರೆ ಅದರ ಡೇಟಾ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ, ಟ್ಯಾಲಿಯ ಡೇಟಾ ಫೋಲ್ಡರ್ ಎಲ್ಲಿದೆ ಎಂದು ಹುಡುಕಿ ಅದನ್ನೂ ತೆಗೆದುಕೊಳ್ಳಿ. ಇನ್ನೊಂದು ಮುಖ್ಯ ವಿಷಯ ಇದೆ, ಕನ್ನಡ ಡಿಟಿಪಿ ಮಾಡುವವರೆಲ್ಲರೂ ಗಮನಿಸಬೇಕು: ವಿಂಡೋಸ್ ಫೋಲ್ಡರ್ ಒಳಗಿನ ‘ಫಾಂಟ್ಸ್’ ಫೋಲ್ಡರ್. ಹಳೇ ನುಡಿ, ಶ್ರೀಲಿಪಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್, ಅಂದರೆ ಎಲ್ಲಾ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ. ಅವುಗಳಲ್ಲಿ ಕನ್ನಡ ಕಾಣುವುದು ಆ ಫಾಂಟ್ ಇದ್ದರೆ ಮಾತ್ರ. ಫೈಲ್ ಉಳಿದು ಫಾಂಟ್ ಹೋದರೆ, ಹೊಸ ವಿಂಡೋಸ್‌ನಲ್ಲಿ ತೆರೆದಾಗ ತಲೆ ಮೇಲೆ ಗೆರೆ, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫೈಲೇ ಕೆಟ್ಟಿತು ಎಂದು ಜನ ಗಾಬರಿಯಾಗಿ ಅಳಿಸಿಯೂ ಬಿಡುತ್ತಾರೆ. ಫಾಂಟ್ ಮತ್ತೆ ಹಾಕಿದರೆ ಅದೇ ಫೈಲ್‌ನಲ್ಲಿ ಕನ್ನಡ ವಾಪಸ್ ಬರುತ್ತದೆ. ಪೇಜ್‌ಮೇಕರ್ ಫೈಲ್‌ಗಳಿಗಂತೂ ಅದೇ ಫಾಂಟ್, ಅದೇ ಹೆಸರಲ್ಲೇ ಬೇಕು. ಹಾಗಾಗಿ ಫಾಂಟ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಟ್ಟುಕೊಳ್ಳಿ, ಜಾಗ ಅಷ್ಟೇನೂ ತಿನ್ನುವುದಿಲ್ಲ.

ಫೈಲ್ ಎಲ್ಲಾ ಹೊರಗೆ ಬಂತಾ? ಬೇರೆ ಕಂಪ್ಯೂಟರ್‌ಗೆ ಆ ಪೆನ್‌ಡ್ರೈವ್ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಿ. ಕಾಪಿ ಆಗಿದೆ ಎನ್ನುವುದೇ ಬೇರೆ, ತೆರೆಯುತ್ತದೆ ಎನ್ನುವುದೇ ಬೇರೆ. ಅಪರೂಪಕ್ಕೆ, ಕರೆಂಟ್ ಹೋದ ಹೊತ್ತಿಗೆ ತೆರೆದಿದ್ದ ಒಂದೆರಡು ಫೈಲ್‌ಗಳು ಹೆಸರು ಸರಿಯಾಗಿ, ಸೈಜ್ ಸರಿಯಾಗಿ ಇದ್ದು, ಒಳಗೆ ಮಾತ್ರ ಖಾಲಿ ಇರುತ್ತವೆ.

ಹಾಗೆ ಯಾಕಾಗುತ್ತದೆ ಅಂದರೆ, ನೀವು ಸೇವ್ ಒತ್ತಿದ ಕ್ಷಣಕ್ಕೆ ಎಲ್ಲವೂ ಡಿಸ್ಕ್‌ಗೆ ಹೋಗುವುದಿಲ್ಲ. ವಿಂಡೋಸ್ ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಸ್ವಲ್ಪ ಹೊತ್ತಲ್ಲಿ ನಿಧಾನಕ್ಕೆ ಡಿಸ್ಕ್‌ಗೆ ಬರೆಯುತ್ತದೆ. ಡಿಸ್ಕ್ ಒಳಗೂ ಅದರದ್ದೇ ಪುಟ್ಟ ಮೆಮೊರಿ ಇರುತ್ತದೆ. ವೇಗಕ್ಕಾಗಿ ಮಾಡಿದ ವ್ಯವಸ್ಥೆ ಇದು. ನಡುವೆ ಕರೆಂಟ್ ಹೋದರೆ ಮೆಮೊರಿಯಲ್ಲಿದ್ದದ್ದು ಅಲ್ಲೇ ಆವಿ. ಇದು ಗೊತ್ತಿದ್ದೇ ಎನ್‌ಟಿಎಫ್‌ಎಸ್ ಮಾಡಿದವರು ಒಂದು ರಕ್ಷಣೆ ಇಟ್ಟಿದ್ದಾರೆ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಫೈಲ್ ವ್ಯವಸ್ಥೆ ಅದು, ಇವತ್ತಿಗೂ ನಿಮ್ಮ ಸಿ ಡ್ರೈವ್‌ನಲ್ಲಿ ಇರುವುದು ಅದೇ. ಅಂಗಡಿಯಲ್ಲಿ ವ್ಯವಹಾರವನ್ನು ಮೊದಲು ಕಚ್ಚಾ ಪುಸ್ತಕದಲ್ಲಿ ಗೀಚಿ ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುತ್ತೀರಲ್ಲ, ಹಾಗೆ ಎನ್‌ಟಿಎಫ್‌ಎಸ್ ಕೂಡ ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ಲಾಗ್‌ನಲ್ಲಿ ಬರೆಯುತ್ತದೆ. ನಡುವೆ ಕರೆಂಟ್ ಹೋದರೆ, ಮತ್ತೆ ಆನ್ ಆದಾಗ ಲಾಗ್ ನೋಡಿ ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಮಾಡುತ್ತದೆ ಇಲ್ಲವೇ ರದ್ದು ಮಾಡುತ್ತದೆ. ಆದರೆ ಆ ಲಾಗ್‌ನಲ್ಲಿ ಬರೆಯುವುದು ಫೈಲ್‌ನ ಹೆಸರು, ಅಳತೆ, ಜಾಗ ಇವನ್ನು ಮಾತ್ರ. ಫೈಲ್ ಒಳಗಿನ ವಿಷಯವನ್ನಲ್ಲ. ಅದಕ್ಕೇ ಹೆಸರು ಉಳಿದು ಒಳಗೆ ಖಾಲಿಯಾಗುವ ಪ್ರಸಂಗ ಬರುವುದು.

ವಿಂಡೋಸ್ ಅಪ್‌ಡೇಟ್‌ಗೂ ಇಂಥದೇ ರಕ್ಷಣೆ ಇದೆ. ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡೇ ಶುರುಮಾಡುತ್ತದೆ. ನಡುವೆ ನಿಂತರೆ ಮುಂದಿನ ಸಲ ಆ ಪಟ್ಟಿ ನೋಡಿ ಮುಂದುವರಿಸುತ್ತದೆ, ಆಗದಿದ್ದರೆ ಹಿಂದಕ್ಕೆ ತೆಗೆಯುತ್ತದೆ. ನಿಮಗೆ ಬೆಳಿಗ್ಗೆ ಕಂಡ ‘ಅನ್‌ಡೂಯಿಂಗ್ ಚೇಂಜಸ್’ ಅದೇ. ರಾತ್ರಿ ಬಟನ್ ಒತ್ತಿದ್ದರಿಂದ ಆದ ಗಾಯವನ್ನು ಅದು ತಾನಾಗಿ ಸರಿ ಮಾಡಿಕೊಳ್ಳುತ್ತಿತ್ತು. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ನೇರ ಉತ್ತರ: ರಾತ್ರಿಯ ಒತ್ತು ಅಷ್ಟು ದೊಡ್ಡದಲ್ಲ, ಬೆಳಗಿನ ಒತ್ತು ದೊಡ್ಡದು. ಹಿಂದಕ್ಕೆ ಬರುವಾಗ ತಡೆದರೆ ಕೆಲವು ಫೈಲ್ ಹೊಸದು, ಕೆಲವು ಹಳೆಯದು ಎಂದಾಗಿ ಒಂದಕ್ಕೊಂದು ಹೊಂದುವುದಿಲ್ಲ. ಬಾಗಿಲಲ್ಲಿ ಗಿರಾಕಿ ನಿಂತಾಗ ಆ ಸುತ್ತುವ ಚುಕ್ಕೆ ನೋಡುತ್ತಾ ಕೂರುವುದು ಕಷ್ಟ, ಅದು ನನಗೂ ಅರ್ಥವಾಗುತ್ತದೆ. ಮುಂದಕ್ಕಾದರೂ ಆ ಪದಗಳು ಕಂಡಾಗ ಕೈ ತಡೆಯಿರಿ.

ಈಗ ರಿಪೇರಿ. ಪರದೆ ಕೆಳಗೆ ಕಂಡ ಲಾಗ್ ಫೈಲ್ ಇದೆಯಲ್ಲ, ಅದನ್ನು ಓದಿ. ಹೆಸರು ‘ಎಸ್‌ಆರ್‌ಟಿ ಟ್ರೇಲ್’. ವಿಂಡೋಸ್, ಸಿಸ್ಟಮ್32, ಲಾಗ್‌ಫೈಲ್ಸ್, ಎಸ್‌ಆರ್‌ಟಿ ಎಂಬ ಫೋಲ್ಡರ್‌ಗಳ ಒಳಗೆ ಇರುತ್ತದೆ. ಅದೇ ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. ಒಂದಾದ ಮೇಲೊಂದು ಪರೀಕ್ಷೆಯ ಹೆಸರು, ಅದಕ್ಕೆ ಹಿಡಿದ ಸಮಯ, ‘ಎರರ್ ಕೋಡ್ 0x0’ ಎಂದು ಉದ್ದಕ್ಕೆ ಇರುತ್ತದೆ. 0x0 ಅಂದರೆ ಆ ಪರೀಕ್ಷೆ ಪಾಸ್. ಅವನ್ನೆಲ್ಲಾ ಬಿಟ್ಟು ‘ರೂಟ್ ಕಾಸ್ ಫೌಂಡ್’ ಎಂಬ ಸಾಲು ಹುಡುಕಿ, ಅದರ ಕೆಳಗಿನ ಒಂದು ವಾಕ್ಯವೇ ನಿಮಗೆ ಬೇಕಾದದ್ದು. ‘ಎ ಪ್ಯಾಚ್ ಈಸ್ ಪ್ರಿವೆಂಟಿಂಗ್ ದಿ ಸಿಸ್ಟಮ್ ಫ್ರಮ್ ಸ್ಟಾರ್ಟಿಂಗ್’ ಎಂದಿದ್ದರೆ ಅಪ್‌ಡೇಟ್ ಅಡ್ಡ ಬಂದಿದೆ, ಅದನ್ನು ತೆಗೆದರೆ ಸಾಕು. ‘ಬೂಟ್ ಕ್ರಿಟಿಕಲ್ ಫೈಲ್’ ಎಂದು ಒಂದು ಫೈಲ್ ಹೆಸರು ಕೊಟ್ಟು ‘ಕರಪ್ಟ್’ ಎಂದಿದ್ದರೆ ಆ ಒಂದು ಫೈಲ್ ಅರ್ಧಂಬರ್ಧ ಬರೆದಿದೆ. ‘ಅನ್‌ಸ್ಪೆಸಿಫೈಡ್ ಚೇಂಜಸ್ ಟು ಸಿಸ್ಟಮ್ ಕಾನ್ಫಿಗರೇಷನ್’ ಎಂದಿದ್ದರೆ ಅದಕ್ಕೇ ಕಾರಣ ಸಿಕ್ಕಿಲ್ಲ ಎಂದರ್ಥ. ರಿಪೇರಿಯವರ ಹತ್ತಿರ ಹೋದರೂ ಈ ಸಾಲಿನ ಫೋಟೋ ತೋರಿಸಿ. ಇದನ್ನು ನೋಡದೆ ಫಾರ್ಮ್ಯಾಟ್ ಎನ್ನುವವರಿಗಿಂತ, ಇದನ್ನು ಓದಿ ಮಾತಾಡುವವರ ಹತ್ತಿರ ಕೆಲಸ ಕೊಡುವುದು ಮೇಲು.

ನಿಮ್ಮ ಕಥೆ ಕೇಳಿದರೆ ಅಪ್‌ಡೇಟ್ ಕಡೆಯಿಂದಲೇ ಶುರುಮಾಡುವುದು ಸರಿ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ಅದರಲ್ಲಿ ಎರಡು ಆಯ್ಕೆ: ಕ್ವಾಲಿಟಿ ಅಪ್‌ಡೇಟ್ (ತಿಂಗಳು ತಿಂಗಳು ಬರುವ ಚಿಕ್ಕದು), ಫೀಚರ್ ಅಪ್‌ಡೇಟ್ (ವಿಂಡೋಸ್‌ನ ಆವೃತ್ತಿಯನ್ನೇ ಬದಲಿಸುವ ದೊಡ್ಡದು). ಮೊದಲು ಕ್ವಾಲಿಟಿ ಅಪ್‌ಡೇಟ್ ತೆಗೆಯಿರಿ. ಅದು ಆಗುವುದಿಲ್ಲ ಎಂದರೆ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ, ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಟೈಪ್ ಮಾಡಿ: ಡಿಐಎಸ್‌ಎಂ, ಸ್ಪೇಸ್, /ಇಮೇಜ್:ಸಿ:\, ಸ್ಪೇಸ್, /ಕ್ಲೀನಪ್-ಇಮೇಜ್, ಸ್ಪೇಸ್, /ರಿವರ್ಟ್‌ಪೆಂಡಿಂಗ್‌ಆಕ್ಷನ್ಸ್. ಸಿ ಜಾಗದಲ್ಲಿ ಚೀಟಿಯಲ್ಲಿ ಬರೆದುಕೊಂಡ ಅಕ್ಷರ ಹಾಕಿ. ಅರ್ಧಕ್ಕೆ ನಿಂತ ಅಪ್‌ಡೇಟ್ ಕೆಲಸಗಳನ್ನೆಲ್ಲಾ ಹಿಂದಕ್ಕೆ ತೆಗೆ ಎನ್ನುವ ಆಜ್ಞೆ ಇದು. ತೆರೆಯದೇ ಹೋದ ವಿಂಡೋಸ್‌ಗೆಂದೇ ಇರುವಂಥದ್ದು. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿದರೆ ಮತ್ತೆ ‘ಅನ್‌ಡೂಯಿಂಗ್ ಚೇಂಜಸ್’ ಬರಬಹುದು. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಅದು ಗಂಟೆಗಟ್ಟಲೆ ಹಿಡಿಯಬಹುದು. ರಾತ್ರಿ ಹಾಕಿ ಮನೆಗೆ ಹೋಗಿಬಿಡಿ.

ಅದರಿಂದಲೂ ಆಗದಿದ್ದರೆ, ಅಥವಾ ಲಾಗ್‌ನಲ್ಲಿ ಫೈಲ್ ಕರಪ್ಟ್ ಎಂದಿದ್ದರೆ, ಚೆಕ್‌ಡಿಸ್ಕ್. ಕಮಾಂಡ್‌ನಲ್ಲಿ ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರು ಅಕ್ಷರ ಸೇರಿಸಿ, ಸ್ಪೇಸ್ ಬಿಟ್ಟು ಸಿ: ಎಂದು ಹಾಕಿ. ಹೀಗೆ ಬರಿದೇ ಕೊಟ್ಟರೆ ಅದು ಓದಿ ನೋಡುತ್ತದೆ, ಏನನ್ನೂ ಬದಲಿಸುವುದಿಲ್ಲ. ತಪ್ಪು ಕಂಡಿತು ಎಂದರೆ ಕೊನೆಗೆ /ಎಫ್ ಸೇರಿಸಿ ಮತ್ತೆ ಓಡಿಸಿ, ಆಗ ಸರಿ ಮಾಡುತ್ತದೆ. ಒಡೆದ ಚೂರುಗಳು ಸಿಕ್ಕಿದರೆ ‘ಫೌಂಡ್.000’ ಎಂಬ ಅಡಗಿದ ಫೋಲ್ಡರ್‌ನಲ್ಲಿ ಇಡುತ್ತದೆ.

ಎಲ್ಲಾ ಕಡೆ ಹೇಳುವ /ಆರ್ ಎಂಬುದನ್ನು ಮಾತ್ರ ಈಗಲೇ ಕೊಡಬೇಡಿ. ಅದು ಡಿಸ್ಕ್‌ನ ಪ್ರತಿಯೊಂದು ಮೂಲೆಯನ್ನೂ ಓದಿ ನೋಡುತ್ತದೆ. 1 ಟಿಬಿ ಡಿಸ್ಕ್‌ಗೆ ತುಂಬಾ ಗಂಟೆ ಹಿಡಿಯುತ್ತದೆ. ಡಿಸ್ಕ್ ಮೊದಲೇ ಸೊರಗಿದ್ದರೆ ಆ ಓಟದಲ್ಲೇ ಪೂರ್ತಿ ಮಲಗಿಬಿಡಬಹುದು. ಫೈಲ್ ಎಲ್ಲಾ ಹೊರಗೆ ಬಂದಿದೆ, ಡಿಸ್ಕ್ ಹೋದರೂ ಚಿಂತೆಯಿಲ್ಲ ಎನ್ನುವ ಸ್ಥಿತಿಯಲ್ಲಿ ಮಾತ್ರ ಅದನ್ನು ಓಡಿಸಬಹುದು.

ಫೈಲ್ ವ್ಯವಸ್ಥೆ ಸರಿಯಾದ ಮೇಲೆ ವಿಂಡೋಸ್‌ನ ಫೈಲ್‌ಗಳನ್ನು ಸರಿ ಮಾಡುವ ಕಮಾಂಡ್: ಎಸ್‌ಎಫ್‌ಸಿ, ಸ್ಪೇಸ್, /ಸ್ಕ್ಯಾನ್‌ನೌ, ಸ್ಪೇಸ್, /ಆಫ್‌ಬೂಟ್‌ಡಿರ್=ಸಿ:\, ಸ್ಪೇಸ್, /ಆಫ್‌ವಿನ್‌ಡಿರ್=ಸಿ:\ವಿಂಡೋಸ್. ಕೊನೆಯ ಎರಡು ತುಂಡು ಬಿಟ್ಟು ಬರೀ ಸ್ಕ್ಯಾನ್‌ನೌ ಕೊಟ್ಟರೆ ಈ ಪರದೆಯಲ್ಲಿ ಪ್ರಯೋಜನವಿಲ್ಲ. ಯಾವ ವಿಂಡೋಸ್ ಪರೀಕ್ಷಿಸಬೇಕು ಎಂದು ಅದಕ್ಕೆ ಹೇಳಲೇಬೇಕು. ‘ಬೂಟ್ ಕಾನ್ಫಿಗರೇಷನ್ ಡೇಟಾ’ ಎಂಬ ಮಾತೋ 0xc000000f ಎಂಬ ಸಂಖ್ಯೆಯೋ ಕಂಡಿದ್ದರೆ, ಬಿಸಿಡಿಬೂಟ್, ಸ್ಪೇಸ್, ಸಿ:\ವಿಂಡೋಸ್ ಎಂಬ ಚಿಕ್ಕ ಕಮಾಂಡ್ ಕೊಡಿ. ಬೂಟ್ ಫೈಲ್‌ಗಳನ್ನು ಹೊಸದಾಗಿ ಬರೆಯುತ್ತದೆ. ವಿಡಿಯೋಗಳಲ್ಲಿ ತೋರಿಸುವ ‘ಫಿಕ್ಸ್‌ಬೂಟ್’ ಎಷ್ಟೋ ಸಲ ‘ಆಕ್ಸೆಸ್ ಈಸ್ ಡಿನೈಡ್’ ಎಂದು ನಿಂತುಬಿಡುತ್ತದೆ. ಅದರ ಹಿಂದೆ ಬೀಳುವ ಬದಲು ಬಿಸಿಡಿಬೂಟ್ ಸಾಕು.

ವಿಡಿಯೋಗಳ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ‘ರೆಗ್‌ಬ್ಯಾಕ್’ ಫೋಲ್ಡರ್‌ನಿಂದ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲಾ ಬರೆದಿಡುವ ಕಡತ) ಫೈಲ್‌ಗಳನ್ನು ಕಾಪಿ ಮಾಡಿ ಎನ್ನುವ ಸಲಹೆ ಈಗಲೂ ಎಲ್ಲೆಡೆ ಓಡಾಡುತ್ತಿದೆ. ಹಳೇ ವಿಂಡೋಸ್‌ಗೆ ಅದು ಒಳ್ಳೆ ಸಲಹೆಯೇ ಆಗಿತ್ತು. ಆದರೆ ವಿಂಡೋಸ್ 10ರ 1803 ಆವೃತ್ತಿಯಿಂದ ಈಚೆಗೆ ವಿಂಡೋಸ್ ತಾನಾಗಿ ಆ ಫೋಲ್ಡರ್‌ಗೆ ಬ್ಯಾಕಪ್ ಬರೆಯುವುದನ್ನೇ ನಿಲ್ಲಿಸಿದೆ. ಫೈಲ್ ಹೆಸರುಗಳು ಇರುತ್ತವೆ, ಸೈಜ್ ಮಾತ್ರ 0 ಕೆಬಿ. ಆ ಖಾಲಿ ಫೈಲ್‌ಗಳನ್ನು ತಂದು ಸರಿಯಿದ್ದ ರಿಜಿಸ್ಟ್ರಿ ಮೇಲೆ ಹಾಕಿದರೆ, ಉಳಿಯಬಹುದಾಗಿದ್ದ ವಿಂಡೋಸ್ ಅಲ್ಲಿಗೆ ಮುಗಿಯಿತು. ದಯವಿಟ್ಟು ಮಾಡಬೇಡಿ.

‘ರಿಸೆಟ್ ದಿಸ್ ಪಿಸಿ, ಕೀಪ್ ಮೈ ಫೈಲ್ಸ್’ ಎಂಬುದೂ ಮೆನುವಿನಲ್ಲಿದೆ. ಹೆಸರು ಕೇಳಿದರೆ ಧೈರ್ಯ ಬರುತ್ತದೆ, ಅಲ್ವಾ? ಅದು ಉಳಿಸುವುದು ನಿಮ್ಮ ಯೂಸರ್ ಫೋಲ್ಡರ್‌ನ ಫೈಲ್‌ಗಳನ್ನು. ಪೇಜ್‌ಮೇಕರ್, ನುಡಿ, ಟ್ಯಾಲಿ, ಪ್ರಿಂಟರ್ ಡ್ರೈವರ್ ಎಲ್ಲಾ ಹೋಗುತ್ತವೆ. ಹಳೇ ಪೇಜ್‌ಮೇಕರ್‌ನ ಸಿಡಿ ಈಗ ಎಷ್ಟು ಅಂಗಡಿಗಳಲ್ಲಿ ಇದೆ? ಹಾಗಾಗಿ ಅದನ್ನು ಕೊನೆಗಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ, ಮೇಲಿನದ್ದು ಯಾವುದೂ ಫಲಿಸದಿದ್ದಾಗ ಹಳೇ ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡಿಸುತ್ತಲೇ ಇರಲಿಲ್ಲ. ಒಂದು ಹೊಸ ಎಸ್‌ಎಸ್‌ಡಿ (ಸುತ್ತುವ ತಟ್ಟೆಯಿಲ್ಲದ, ವೇಗದ ಡಿಸ್ಕ್) ತಂದು, ಹಳೇ ಹಾರ್ಡ್ ಡಿಸ್ಕ್‌ನ ವೈರ್ ಕಳಚಿ, ಎಸ್‌ಎಸ್‌ಡಿ ಮೇಲೆ ವಿಂಡೋಸ್ ಹಾಕಿಸುತ್ತಿದ್ದೆ. ಆಮೇಲೆ ಹಳೇ ಡಿಸ್ಕ್ ಅನ್ನು ಎರಡನೇ ಡಿಸ್ಕ್ ಆಗಿ ಜೋಡಿಸಿದರೆ ಫೈಲ್‌ಗಳೆಲ್ಲಾ ಕಾಣುತ್ತವೆ. ಹಳೇ ಯೂಸರ್ ಫೋಲ್ಡರ್ ತೆರೆಯುವಾಗ ‘ಪರ್ಮಿಷನ್ ಇಲ್ಲ’ ಎನ್ನುತ್ತದೆ, ‘ಕಂಟಿನ್ಯೂ’ ಒತ್ತಿ ಸ್ವಲ್ಪ ಕಾಯಿರಿ, ತೆರೆಯುತ್ತದೆ. ಹಳೇ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿಯಿಂದ ಬರುವ ವೇಗ ಬೇರೆ ಯಾವ ಖರ್ಚಿನಿಂದಲೂ ಬರುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೂ ಹೊಸದಾಗಿ ಹಾಕಿಸುವುದಾದರೆ ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಆಗುತ್ತದೆಯೇ ಎಂದು ಅದೇ ಹೊತ್ತಲ್ಲಿ ಕೇಳಿ.

ಲ್ಯಾಪ್‌ಟಾಪ್‌ನಲ್ಲಿ ಇದೇ ಕಷ್ಟಕ್ಕೆ ಸಿಕ್ಕವರಿಗೆ ಒಂದು ಮಾತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರಬಹುದು. ಬಿಟ್‌ಲಾಕರ್ ಎಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಫೋನ್‌ನಲ್ಲಿ ಅದೇ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ, ಡಿವೈಸಸ್ ಪುಟದಲ್ಲಿ ರಿಕವರಿ ಕೀ ನೋಡಿ. ಅದಿಲ್ಲದೆ ಫೈಲ್ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಕಂಪ್ಯೂಟರ್ ಚೆನ್ನಾಗಿ ಓಡುತ್ತಿರುವಾಗಲೇ ಆ ಅಂಕಿಗಳನ್ನು ಒಂದು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಟ್ಟುಕೊಳ್ಳಿ.

ಹಳೇ ಡೆಸ್ಕ್‌ಟಾಪ್ ಇರುವವರು ಇನ್ನೊಂದು ನೋಡಿಕೊಳ್ಳಿ. ಆನ್ ಮಾಡಿದಾಗ ತಾರೀಕು, ಗಂಟೆ ಹಳೆಯದಕ್ಕೆ ಹೋಗಿದ್ದರೆ, ಅಥವಾ ‘ಎಫ್1 ಒತ್ತಿ’ ಎಂದು ಕೇಳುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಖಾಲಿಯಾಗಿದೆ. ಅದರ ಹೆಸರು ಸಿಆರ್2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದು ಖಾಲಿಯಾದ ಯಂತ್ರಕ್ಕೆ ಕರೆಂಟ್ ಪೂರ್ತಿ ಹೋದರೆ ಬಯಾಸ್ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಮದರ್‌ಬೋರ್ಡ್‌ನ ಪ್ರೋಗ್ರಾಂ) ಸೆಟ್ಟಿಂಗ್‌ಗಳು ಮೊದಲಿನ ಹಾಗಾಗಿ, ಬೂಟ್ ಮಾಡುವ ವಿಧಾನವೇ ಬದಲಾಗಿಬಿಡಬಹುದು. ಆಗ ಡಿಸ್ಕ್, ವಿಂಡೋಸ್ ಎರಡೂ ಚೆನ್ನಾಗಿದ್ದರೂ ಬೂಟ್ ಆಗುವುದಿಲ್ಲ.

ವಿಂಡೋಸ್ ಮತ್ತೆ ತೆರೆದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಡಿಸ್ಕ್ ನೋಡಿ. ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಮೂರು ಸಾಲು ಮುಖ್ಯ. ಅವುಗಳ ‘ರಾ ವ್ಯಾಲ್ಯೂ’ ಸೊನ್ನೆ ಇರಬೇಕು. ಸಿ5 ಸೊನ್ನೆಯಲ್ಲ ಎಂದರೆ ಓದಲಾಗದ ಜಾಗಗಳಿವೆ, ಆ ಡಿಸ್ಕ್ ಅನ್ನು ಇನ್ನು ನಂಬಬೇಡಿ. ಸಿ7 ಏರಿದ್ದರೆ ಹೆಚ್ಚಿನ ಸಲ ಡಿಸ್ಕ್‌ನ ತಪ್ಪಲ್ಲ, ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಸಡಿಲವಾಗಿದೆ ಅಥವಾ ಹಾಳಾಗಿದೆ.

ಮುಂದೆ ಅಪ್‌ಡೇಟ್ ನಿಂತಂತೆ ಕಂಡರೆ ಪರ್ಸೆಂಟ್ ಅಂಕಿ ನೋಡಬೇಡಿ, ಡಬ್ಬದ ಮೇಲಿನ ಡಿಸ್ಕ್ ದೀಪ ನೋಡಿ. ಮಿನುಗುತ್ತಿದ್ದರೆ ಕೆಲಸ ನಡೆದಿದೆ. ದೀಪವೇ ಇಲ್ಲದಿದ್ದರೆ ಕೀಬೋರ್ಡ್‌ನ ಕ್ಯಾಪ್ಸ್‌ಲಾಕ್ ಒತ್ತಿ, ಅದರ ದೀಪ ಹತ್ತಿ ಆರಿದರೆ ಯಂತ್ರ ಜೀವಂತವಾಗಿದೆ. ಎರಡೂ ಇಲ್ಲದೆ ಗಂಟೆಗಟ್ಟಲೆ ಹಾಗೇ ಇದ್ದರೆ ಆಗ ಬಟನ್ ಒತ್ತಬಹುದು, ಬೇರೆ ದಾರಿಯಿಲ್ಲ. ಅಂಗಡಿ ಮುಚ್ಚುವ ಹೊತ್ತಲ್ಲಿ ಅಪ್‌ಡೇಟ್ ಶುರುವಾದರೆ ಮಾನಿಟರ್ ಮಾತ್ರ ಆಫ್ ಮಾಡಿ ಹೊರಡಿ. ಕೆಲಸ ಮುಗಿದ ಮೇಲೆ ಅದೇ ಶಟ್‌ಡೌನ್ ಆಗುತ್ತದೆ.

ಆದರೆ ಹಾಗೆ ಬಿಟ್ಟು ಹೋದಾಗ ಕರೆಂಟ್ ಹೋದರೆ? ಅದಕ್ಕೆ ಯುಪಿಎಸ್ ಬೇಕು. ಇನ್‌ವರ್ಟರ್ ಇದೆ ಸಾಕು ಎಂದುಕೊಂಡವರು ತುಂಬಾ ಜನ. ಕರೆಂಟ್ ಹೋದಾಗ ಕಂಪ್ಯೂಟರ್‌ನ ಪವರ್ ಸಪ್ಲೈ ತನ್ನೊಳಗಿನ ಶೇಖರಣೆಯಿಂದ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಸಾಮಾನ್ಯ ಮೋಡ್‌ನಲ್ಲಿರುವ ಇನ್‌ವರ್ಟರ್ ಬದಲಾಗುವುದಕ್ಕೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಫ್ಯಾನ್, ಬಲ್ಬ್‌ಗೆ ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಎಷ್ಟೋ ಇನ್‌ವರ್ಟರ್‌ಗಳ ಮೇಲೆ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ ಇರುತ್ತದೆ, ಇದ್ದರೆ ಅದಕ್ಕೆ ಹಾಕಿ. ಚಿಕ್ಕ ಯುಪಿಎಸ್‌ಗೆ ಕಂಪ್ಯೂಟರ್, ಮಾನಿಟರ್ ಎರಡನ್ನೇ ಕೊಡಿ. ಜೆರಾಕ್ಸ್ ಮೆಷಿನ್, ಲೇಸರ್ ಪ್ರಿಂಟರ್ ನೇರ ಗೋಡೆಯ ಪ್ಲಗ್‌ಗೇ ಇರಲಿ. ಅವು ಕಾಗದ ಕಾಯಿಸುವ ಹೊತ್ತಿಗೆ ಎಳೆಯುವ ಕರೆಂಟ್‌ಗೆ ಯುಪಿಎಸ್ ತಾನೇ ಕೈಕೊಟ್ಟು ಕಂಪ್ಯೂಟರನ್ನೂ ಆರಿಸಿಬಿಡುತ್ತದೆ. ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಕೆಲಸವಿಲ್ಲದ ಹೊತ್ತಲ್ಲಿ ಎಲ್ಲಾ ಸೇವ್ ಮಾಡಿ, ಯುಪಿಎಸ್‌ನ ಪ್ಲಗ್ ಕಿತ್ತು ಎಷ್ಟು ನಿಮಿಷ ನಿಲ್ಲುತ್ತದೆ ನೋಡಿ. ನೆಮ್ಮದಿಯಾಗಿ ಶಟ್‌ಡೌನ್ ಮಾಡುವಷ್ಟು ಹೊತ್ತು ನಿಲ್ಲದಿದ್ದರೆ ಯುಪಿಎಸ್ ಬದಲಿಸಬೇಕಿಲ್ಲ, ಒಳಗಿನ ಬ್ಯಾಟರಿ ಮಾತ್ರ ಬದಲಿಸಿ.